ಓದುಗರ ಪ್ರಶ್ನೆ: ಸೆಟ್ಟಿಂಗು, ಸ್ಕ್ರ್ಯಾಪು, ಬಂಡಲ್ಲು – ಲೀನ್ ಪದ್ಧತಿ ನಮ್ಮ ಶಾಪಿನಲ್ಲಿ

ಕಳೆದ ಸಂಚಿಕೆಯಲ್ಲಿ, ಕೆಲಸದಲ್ಲಿನ ವ್ಯರ್ಥವನ್ನು ತೆಗೆಯುವ ‘ಲೀನ್’ ಪದ್ಧತಿಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಸಣ್ಣ ಕಾರ್ಖಾನೆಗಳವು. ಲೀನ್ ಎಂಬ ಹೆಸರು ಬಳಕೆಗೆ ಬಂದದ್ದು 1988ರಲ್ಲಿ ಜಾನ್ ಕ್ರಾಫ್ಚಿಕ್ ಬರೆದ ಒಂದು ಲೇಖನದಿಂದ. ಪದ್ಧತಿ ಮಾತ್ರ ಅದಕ್ಕಿಂತ ಹಳೆಯದು. ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೋಟಾದಲ್ಲಿ ತೈಚಿ ಓನೊ ಮತ್ತು ಅವರ ಜೊತೆಗಾರರು ಅದನ್ನು ಕಟ್ಟಿದರು. ಯಾವ ಕೆಲಸಕ್ಕೆ ಗ್ರಾಹಕ ದುಡ್ಡು ಕೊಡುತ್ತಾನೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಕೆಲಸ ನಡೆಯುವ ಜಾಗದಲ್ಲೇ ನಿಂತು ನೋಡುವುದು ಅದರ ಬುಡ. ಕೆಳಗಿನ ಉತ್ತರಗಳನ್ನು ನಮ್ಮ ಉತ್ಪಾದನಾ ಎಂಜಿನಿಯರುಗಳ ತಂಡ ಬರೆದಿದೆ.

ಪ್ರಶ್ನೆ: ನಮ್ಮದು ಎರಡು ಸಿಎನ್‌ಸಿ ಲೇತ್ ಇರುವ ಟರ್ನಿಂಗ್ ಶಾಪ್. ಮೊದಲು ಒಂದೊಂದು ಆರ್ಡರೂ 300 ಪೀಸ್ ಇರುತ್ತಿತ್ತು. ಈಗ ಕಂಪನಿಯವರು 80, 80 ಎಂದು ಕೇಳುತ್ತಾರೆ. ಒಂದು ಪೀಸಿಗೆ 3 ನಿಮಿಷ, ಒಂದು ಜಾಬಿನಿಂದ ಇನ್ನೊಂದಕ್ಕೆ ಮೆಷಿನ್ ಸಿದ್ಧಮಾಡುವ ಸೆಟ್ಟಿಂಗಿಗೆ ಎರಡೂವರೆ ಗಂಟೆ. ಹೀಗಾದರೆ ಗಿಟ್ಟುವುದಿಲ್ಲ. ಮೂರನೇ ಮೆಷಿನ್ ಹಾಕಲೇ?
– ಟರ್ನಿಂಗ್ ಶಾಪ್ ಮಾಲೀಕರು, ಪೀಣ್ಯ

ಉತ್ತರ: ಮೆಷಿನ್ ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮದೇ ಅಂಕಿಗಳನ್ನು ನೋಡೋಣ. 150 ನಿಮಿಷದ ಸೆಟ್ಟಿಂಗನ್ನು 300 ಪೀಸಿಗೆ ಹಂಚಿದರೆ ಪೀಸಿಗೆ ಅರ್ಧ ನಿಮಿಷ. ಅದನ್ನೇ 80ಕ್ಕೆ ಹಂಚಿದರೆ ಸುಮಾರು 1.9 ನಿಮಿಷ. ಅಂದರೆ 240 ನಿಮಿಷ ಕೆಲಸ ಮಾಡಲು ಮೆಷಿನ್ 150 ನಿಮಿಷ ಸುಮ್ಮನೆ ನಿಲ್ಲುತ್ತಿದೆ. ಸೆಟ್ಟಿಂಗ್ 40 ನಿಮಿಷಕ್ಕೆ ಇಳಿದರೆ 80 ಪೀಸಿನ ಆರ್ಡರಿನಲ್ಲೂ ಪೀಸಿಗೆ ಅದೇ ಅರ್ಧ ನಿಮಿಷ ಬೀಳುತ್ತದೆ. ಸಣ್ಣ ಆರ್ಡರಿನಿಂದ ಆಗುತ್ತಿದ್ದ ನಷ್ಟ ಅಲ್ಲಿಗೆ ಮುಗಿಯಿತು. ಹೊಸ ಮೆಷಿನ್ ತಂದರೆ ಅದೂ ಎರಡೂವರೆ ಗಂಟೆ ನಿಲ್ಲುತ್ತದೆ, ಜೊತೆಗೆ ಕಂತು.

ಮೊದಲ ಕೆಲಸ, ಒಂದು ಸೆಟ್ಟಿಂಗನ್ನು ಪೂರ್ತಿ ಮೊಬೈಲಿನಲ್ಲಿ ಚಿತ್ರೀಕರಿಸಿ. ಹಳೆ ಜಾಬಿನ ಕೊನೆಯ ಒಳ್ಳೆಯ ಪೀಸ್ ಇಳಿದ ಕ್ಷಣದಿಂದ ಹೊಸ ಜಾಬಿನ ಮೊದಲ ಒಳ್ಳೆಯ ಪೀಸ್ ಪಾಸಾಗುವ ಕ್ಷಣದವರೆಗೆ. ಸೆಟ್ಟರ್‌ಗೆ ಮೊದಲೇ ಹೇಳಿ, ಅವರ ಒಪ್ಪಿಗೆ ಪಡೆದು ಮಾಡಿ. ನಂತರ ಅವರನ್ನೇ ಕೂರಿಸಿಕೊಂಡು ವಿಡಿಯೊ ನೋಡುತ್ತ ಪ್ರತಿಯೊಂದು ಕೆಲಸವನ್ನೂ ನಿಮಿಷದ ಸಮೇತ ಬರೆಯಿರಿ. ನಿಮ್ಮಂಥ ಶಾಪಿನ ಪಟ್ಟಿ ಉದಾಹರಣೆಗೆ ಹೀಗಿರಬಹುದು: ಡ್ರಾಯಿಂಗ್, ಪ್ರೋಗ್ರಾಮ್, ಗೇಜ್ ಹುಡುಕಿ ತರಲು 20 ನಿಮಿಷ, ಸಾಫ್ಟ್ ಜಾ (ಪೀಸನ್ನು ಹಿಡಿಯುವ ಮೆದು ಲೋಹದ ದವಡೆ) ಹುಡುಕಿ, ಕಟ್ಟಿ, ಬೋರ್ ಮಾಡಲು 35, ಟೂಲ್ ಮತ್ತು ಅದರ ತುದಿಯ ಇನ್ಸರ್ಟ್ ಬದಲಿಸಲು 30, ಆಫ್‌ಸೆಟ್ (ಟೂಲಿನ ತುದಿ ಎಲ್ಲಿದೆ ಎಂದು ಮೆಷಿನಿಗೆ ಕೊಡುವ ಅಳತೆ) ತೆಗೆಯಲು 20, ಮೊದಲ ಪೀಸ್ ಮಾಡಿ ತಿದ್ದಲು 20, ಇನ್‌ಸ್ಪೆಕ್ಷನ್‌ಗೆ ಕಾಯಲು 25.

ಈಗ ಒಂದೊಂದು ಸಾಲಿನ ಮುಂದೆಯೂ ಒಂದೇ ಪ್ರಶ್ನೆ ಹಾಕಿ: ಇದನ್ನು ಹಳೆ ಜಾಬ್ ಓಡುತ್ತಿರುವಾಗಲೇ ಮಾಡಬಹುದಿತ್ತೇ? ಮೊದಲ 20 ನಿಮಿಷ ಪೂರ್ತಿ ಹಾಗೆ ಹೊರಬೀಳುತ್ತದೆ. ಪ್ರತಿ ಜಾಬಿಗೂ ಒಂದು ಸೆಟ್ಟಿಂಗ್ ಶೀಟ್, ಒಂದು ಟ್ರಾಲಿ. ಅದರಲ್ಲಿ ಡ್ರಾಯಿಂಗ್, ಜಾ, ಹೊಸ ಇನ್ಸರ್ಟ್, ಅಲೆನ್ ಕೀ, ಗೇಜ್ ಎಲ್ಲವೂ ಹಳೆ ಜಾಬ್ ಮುಗಿಯುವ ಮೊದಲೇ ಮೆಷಿನ್ ಪಕ್ಕಕ್ಕೆ ಬಂದಿರಬೇಕು. ಮಟೀರಿಯಲ್ ಕಟಿಂಗ್ ಆಗಿದೆಯೇ ಎಂಬುದನ್ನೂ ಆಗಲೇ ನೋಡಿ. ಎಲ್ಲ ಸಿದ್ಧವಾದ ಮೇಲೆ ಬಾರ್ ಇನ್ನೂ ಕಟಿಂಗ್ ಆಗಿಲ್ಲ ಎಂದು ತಿಳಿದರೆ ಇಡೀ ಶ್ರಮ ದಂಡ.

ಸಾಫ್ಟ್ ಜಾ ವಿಷಯದಲ್ಲಿ ಹೆಚ್ಚಿನ ಶಾಪುಗಳು ಎಡವುತ್ತವೆ. ಪದೇ ಪದೇ ಬರುವ ಜಾಬಿಗೆ ಅದರದೇ ಒಂದು ಸೆಟ್ ಇಡಿ. ಮೂರೂ ಜಾ ಮೇಲೆ ಜಾಬ್ ನಂಬರಿನ ಜೊತೆ 1, 2, 3 ಎಂದು ಪಂಚ್ ಮಾಡಿ. ಅದೇ ನಂಬರಿನ ಮಾಸ್ಟರ್ ಜಾ (ಚಕ್‌ನ ಖಾಯಂ ದವಡೆ) ಮೇಲೇ ಕೂರಬೇಕು. ಹೊರ ಅಂಚಿನಿಂದ ಎಷ್ಟನೇ ಹಲ್ಲಿಗೆ ಕೂರುತ್ತದೆ ಎಂಬುದನ್ನು ಸೆಟ್ಟಿಂಗ್ ಶೀಟಿನಲ್ಲಿ ಬರೆಯಿರಿ. ಕಟ್ಟುವ ಮೊದಲು ಹಲ್ಲಿನ ಸಂದಿಯನ್ನು ಬ್ರಷ್ಷಿನಿಂದ ಉಜ್ಜಬೇಕು. ಅಲ್ಲೊಂದು ಲೋಹದ ಚಿಪ್ ಉಳಿದರೆ ಜಾ ಎತ್ತರಕ್ಕೆ ಕೂತು ರನ್‌ಔಟ್ (ತಿರುಗುವಾಗ ಓಲಾಟ) ಬರುತ್ತದೆ, ಆಮೇಲೆ ಅರ್ಧ ಗಂಟೆ ಬೇರೆಲ್ಲೋ ತಪ್ಪು ಹುಡುಕುತ್ತೀರಿ. ಹೀಗೆ ಮಾಡಿದರೆ ಮತ್ತೆ ಪೂರ್ತಿ ಬೋರ್ ಮಾಡುವ ಅಗತ್ಯವಿಲ್ಲ, 0.1ರಿಂದ 0.2 ಮಿ.ಮೀ. ಸವರಿದರೆ ಸಾಕು. ಅದನ್ನು ಕೂಡ ಕೆಲಸಕ್ಕೆ ಬಳಸುವ ಚಕ್ ಪ್ರೆಷರ್‌ನಲ್ಲೇ (ಹಿಡಿತದ ಒತ್ತಡದಲ್ಲೇ) ಸವರಿ. ಒಂದು ಪ್ರೆಷರ್‌ನಲ್ಲಿ ಬೋರ್ ಮಾಡಿ ಇನ್ನೊಂದರಲ್ಲಿ ಹಿಡಿದರೆ ಗುಂಡಗಿರಬೇಕಾದ್ದು ಗುಂಡಗಿರುವುದಿಲ್ಲ. 35 ನಿಮಿಷ 15ಕ್ಕೆ ಬರಬೇಕು.

ಟೂಲುಗಳಿಗೆ ಖಾಯಂ ಜಾಗ ಕೊಡಿ. ಎಂಟು ಸ್ಟೇಷನ್ ಟರೆಟ್ (ಟೂಲುಗಳನ್ನು ಹಿಡಿಯುವ ತಿರುಗು ತಲೆ) ಇದ್ದರೆ ರಫಿಂಗ್, ಫಿನಿಶಿಂಗ್, ಗ್ರೂವಿಂಗ್, ಥ್ರೆಡಿಂಗ್ ನಾಲ್ಕೂ ಎಂದೂ ಕದಲಬಾರದು. ಪ್ರೋಗ್ರಾಮುಗಳನ್ನೂ ಅದೇ ನಂಬರಿಗೆ ತಿದ್ದಿ. ಇದು ಒಂದು ವಾರದ ಬೇಸರದ ಕೆಲಸ, ಆದರೆ ಒಂದೇ ಸಲ. ಕದಲದ ಟೂಲಿನ ಆಫ್‌ಸೆಟ್ ಹಾಗೇ ಉಳಿಯುತ್ತದೆ. ಹೊಸ ಜಾಬಿಗೆ ಝಡ್ ದಿಕ್ಕಿನ (ಉದ್ದದ ದಿಕ್ಕಿನ) ವರ್ಕ್ ಶಿಫ್ಟ್, ಅಂದರೆ ಅಳತೆಯ ಸೊನ್ನೆಯನ್ನು ಸರಿಸುವ ಅಂಕಿ ಕೊಟ್ಟು, ಬದಲಿಸಿದ ಒಂದೆರಡು ಟೂಲನ್ನು ಮಾತ್ರ ಮುಟ್ಟಿಸಿದರೆ ಆಯಿತು. ಟೂಲಿಗೆ 8 ನಿಮಿಷ, ಆಫ್‌ಸೆಟ್‌ಗೆ 5. ಹಳೆ ಆಫ್‌ಸೆಟ್ ನಂಬಿಕೆಗೆ ಅರ್ಹವಾದ್ದರಿಂದ ಮೊದಲ ಪೀಸಿನ ತಿದ್ದುಪಡಿಯೂ 7 ನಿಮಿಷಕ್ಕೆ ಬರುತ್ತದೆ. ಇನ್‌ಸ್ಪೆಕ್ಟರ್‌ಗೆ ಕಾಲು ಗಂಟೆ ಮೊದಲೇ ತಿಳಿಸಿ, ಗೇಜ್ ಮೆಷಿನ್ ಬಳಿಯೇ ಇದ್ದರೆ ಮೊದಲ ಪೀಸ್ ಪಾಸ್ ಮಾಡಲು 5 ನಿಮಿಷ. ಒಟ್ಟು 15, 8, 5, 7, 5: ನಲವತ್ತು.

ಇದೇ ದಾರಿಯಲ್ಲಿ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್ಸಿನ ಡೈ ಬದಲಾವಣೆಯನ್ನು ನಾಲ್ಕು ಗಂಟೆಯಿಂದ ಮೊದಲು ಒಂದೂವರೆ ಗಂಟೆಗೆ, ಬಳಿಕ 3 ನಿಮಿಷಕ್ಕೆ ಇಳಿಸಿದರು. ಎಲ್ಲಿಯೂ ‘ಬೇಗ ಬೇಗ ಮಾಡು’ ಎಂದು ಸೆಟ್ಟರ್‌ಗೆ ಹೇಳಿಲ್ಲ ಎಂಬುದನ್ನು ಗಮನಿಸಿ. ಹಾಗೆ ಹೇಳಿದರೆ ಸಡಿಲ ಬಿಟ್ಟ ಜಾ ಬೋಲ್ಟ್ ಒಂದು ದಿನ ಯಾರದೋ ಮುಖಕ್ಕೆ ಬರುತ್ತದೆ.

ಪ್ರಶ್ನೆ: ಫೌಂಡ್ರಿಯಲ್ಲಿ ರಿಜೆಕ್ಷನ್ 9 ಪರ್ಸೆಂಟ್. ಮೂಲ ಕಾರಣ ಸಿಗುವವರೆಗೆ ಮತ್ತೆ ಮತ್ತೆ ‘ಏಕೆ’ ಎಂದು ಕೇಳುವ ‘ಐದು ಏಕೆ’ ಫಾರ್ಮನ್ನು ಪ್ರತಿ ವಾರ ತುಂಬುತ್ತೇವೆ. ಏನೇ ಕೇಳಿದರೂ ಕೊನೆಗೆ ‘ಆಪರೇಟರ್ ನಿರ್ಲಕ್ಷ್ಯ, ತರಬೇತಿ ಕೊಡಲಾಗಿದೆ’ ಎಂದೇ ಮುಗಿಯುತ್ತದೆ. ರಿಜೆಕ್ಷನ್ ಮಾತ್ರ ಇಳಿಯುತ್ತಿಲ್ಲ.
– ಕ್ವಾಲಿಟಿ ಸೂಪರ್‌ವೈಸರ್, ಉದ್ಯಮಬಾಗ್, ಬೆಳಗಾವಿ

ಉತ್ತರ: ‘ನಿರ್ಲಕ್ಷ್ಯ’ ಎಂದು ಬರೆದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಅದಕ್ಕೇ ರಿಜೆಕ್ಷನ್ ಇಳಿಯುತ್ತಿಲ್ಲ. ಆ ಪದವನ್ನು ನಿಮ್ಮ ಫಾರ್ಮಿನಿಂದ ತೆಗೆದುಹಾಕಿ. ಅದರ ಜಾಗದಲ್ಲಿ ಕೇಳಬೇಕಾದದ್ದು: ಆ ಹೊತ್ತಿನಲ್ಲಿ ಆ ಮನುಷ್ಯನಿಗೆ ಏನು ಗೊತ್ತಿತ್ತು, ಏನು ಕಾಣುತ್ತಿತ್ತು, ಕೈಗೆ ಏನು ಸಿಗುತ್ತಿತ್ತು?

‘9 ಪರ್ಸೆಂಟ್’ ಎಂಬುದು ಒಂದೇ ಸಮಸ್ಯೆಯಲ್ಲ. ಬ್ಲೋ ಹೋಲ್ (ಗಾಳಿ ಸಿಕ್ಕಿ ಆದ ತೂತು), ಮರಳು ಸೇರಿಕೆ, ಕೋಲ್ಡ್ ಶಟ್ (ಲೋಹ ಬೆಸೆಯದೆ ಉಳಿದ ಗೆರೆ), ಶ್ರಿಂಕೇಜ್ (ಲೋಹ ಕುಗ್ಗಿ ಆದ ಪೊಳ್ಳು) ಇವಕ್ಕೆ ಬೇರೆ ಬೇರೆ ಬೇರುಗಳಿವೆ. ಮೂರು ವಾರ ದೋಷದ ಬಗೆ, ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ), ಸುರಿದ ಗಂಟೆ, ಎರಕದ ಮೇಲೆ ದೋಷ ಕಂಡ ಜಾಗ, ನಾಲ್ಕನ್ನೂ ಗುರುತು ಹಾಕಿ. ಎಣಿಕೆಯನ್ನು ಪೀಸಿನಲ್ಲಿ ಬೇಡ, ಕೆಜಿಯಲ್ಲಿ ಮಾಡಿ. 2 ಕೆಜಿಯ 40 ಪೀಸ್ ಹೋದದ್ದು ಕಣ್ಣಿಗೆ ರಾಶಿಯಾಗಿ ಕಾಣುತ್ತದೆ, 35 ಕೆಜಿಯ ನಾಲ್ಕು ಪೀಸ್ ಹೋದದ್ದು ಕಾಣುವುದಿಲ್ಲ. ನಷ್ಟ ಎರಡನೆಯದರಲ್ಲೇ ಹೆಚ್ಚು.

ಒಂದು ಸರಪಳಿಯನ್ನು ಪೂರ್ತಿ ಎಳೆದು ತೋರಿಸುತ್ತೇವೆ. ಬ್ಲೋ ಹೋಲ್‌ಗಳು ಎರಕದ ಮೇಲುಭಾಗದಲ್ಲಿ, ಅದೂ ಮಧ್ಯಾಹ್ನ ಮೂರರ ನಂತರ ಹೆಚ್ಚುತ್ತಿವೆ ಎಂದುಕೊಳ್ಳಿ. ಏಕೆ? ಅಚ್ಚಿನಲ್ಲಿ ಹುಟ್ಟಿದ ಆವಿ ಹೊರಹೋಗಲು ದಾರಿಯಿಲ್ಲ. ಏಕೆ? ಮರಳಿನಲ್ಲಿ ನೀರು ಹೆಚ್ಚಿದೆ. ಏಕೆ? ಮಲ್ಲರ್ (ಮರಳು ಕಲಸುವ ಯಂತ್ರ) ನಡೆಸುವವರು ಮಧ್ಯಾಹ್ನದ ಮೇಲೆ ಜಾಸ್ತಿ ನೀರು ಹಾಕುತ್ತಾರೆ. ನಿಮ್ಮ ಫಾರ್ಮು ಇಲ್ಲಿಗೆ ನಿಂತು ಬೆರಳು ತೋರಿಸುತ್ತದೆ. ಇನ್ನೊಂದು ಹೆಜ್ಜೆ ಹೋಗಿ: ಏಕೆ ಹಾಕುತ್ತಾರೆ? ಮೋಲ್ಡಿಂಗ್ ಮೆಷಿನ್ ತಲುಪುವಷ್ಟರಲ್ಲಿ ಮರಳು ಒಣಗಿ ಅಚ್ಚು ಮುರಿಯುತ್ತದೆ, ಅಲ್ಲಿಂದ ಬೈಗುಳ ಬರುತ್ತದೆ. ಏಕೆ ಒಣಗುತ್ತದೆ? ವಾಪಸ್ ಬರುವ ಮರಳು 60 ಡಿಗ್ರಿ ಬಿಸಿಯಿದೆ. ಏಕೆ ಬಿಸಿ? ಬೆಳಿಗ್ಗೆಯಿಂದ ಅದೇ ಮರಳು ತಣಿಯಲು ಹೊತ್ತಿಲ್ಲದೆ ಸುತ್ತುತ್ತಿದೆ. ಮೊದಲಿಗಿಂತ ಭಾರದ ಎರಕ ಬಂದಿದೆ, ಮರಳಿನ ಪ್ರಮಾಣ ಅಷ್ಟೇ ಇದೆ.

ಮಲ್ಲರ್ ನಡೆಸುವವರು ತಮಗೆ ಗೊತ್ತಿದ್ದ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದ್ದಾರೆ. ಅವರಿಗೆ ತರಬೇತಿ ಕೊಟ್ಟರೆ ಮರಳು ತಣ್ಣಗಾಗುವುದಿಲ್ಲ.

ಇನ್ನು ಪರಿಹಾರ. ವಾಪಸ್ ಮರಳಿನ ಉಷ್ಣತೆಯನ್ನು ಗಂಟೆಗೊಮ್ಮೆ ಅಳೆಯಿರಿ. 45–50 ಡಿಗ್ರಿ ದಾಟಿದರೆ ಮರಳನ್ನು ಬಂಧಿಸುವ ಜೇಡಿ, ಅಂದರೆ ಬೆಂಟೊನೈಟ್, ನೀರನ್ನು ಸರಿಯಾಗಿ ಹೀರುವುದಿಲ್ಲ, ಮರಳು ಪ್ಯಾಟರ್ನ್‌ಗೆ ಅಂಟುತ್ತದೆ, ಬಿಸಿ ಮರಳಿನ ಆವಿ ತಣ್ಣನೆಯ ಕೋರ್ (ಎರಕದ ಒಳಗಿನ ಟೊಳ್ಳಿಗಾಗಿ ಇಡುವ ಮರಳಿನ ತುಂಡು) ಮೇಲೆ ಹನಿಗಟ್ಟಿ ಅಲ್ಲಿಂದಲೇ ಬ್ಲೋ ಹೋಲ್ ಹುಟ್ಟುತ್ತದೆ. ತಣಿಸಲು ಅಗ್ಗದ ದಾರಿ, ಶೇಕ್‌ಔಟ್ (ಅಚ್ಚು ಒಡೆದು ಎರಕ ತೆಗೆಯುವುದು) ಆದ ಕೂಡಲೇ ಬೆಲ್ಟಿನ ಮೇಲೆ ನೀರು ಚಿಮುಕಿಸಿ ಮರಳನ್ನು ಕೆದಕಿ ಗಾಳಿಯಾಡಿಸುವುದು. ಮರಳಿನ ತೂಕದ 1 ಪರ್ಸೆಂಟ್ ನೀರು ಆವಿಯಾದರೆ ಮರಳು ಸುಮಾರು 25 ಡಿಗ್ರಿ ತಣಿಯುತ್ತದೆ. ಕೆದಕದೆ ನೀರು ಮಾತ್ರ ಸುರಿದರೆ ಹೊರಗೆ ಕೆಸರು, ಒಳಗೆ ಬಿಸಿ. ಭಾರದ ಪ್ಯಾಟರ್ನ್‌ಗಳನ್ನು ಒಟ್ಟಿಗೆ ಸುರಿಯದೆ ಹಗುರದವುಗಳ ನಡುವೆ ಹಂಚಿ. ಹಾಪರ್‌ನಲ್ಲಿ ಜಾಗವಿದ್ದರೆ ಚಲಾವಣೆಯ ಮರಳನ್ನು ಹೆಚ್ಚಿಸಿ.

ನೀರನ್ನು ‘ಬ್ಯಾಚಿಗೆ ಇಷ್ಟು ಲೀಟರ್’ ಎಂದು ಹಾಕಿಸಬೇಡಿ. ಕಾಂಪ್ಯಾಕ್ಟಬಿಲಿಟಿ ನೋಡಿ ಹಾಕಿಸಿ. ಅಳತೆ ಸುಲಭ: ಕೊಳವೆಗೆ ಮರಳನ್ನು ಜರಡಿಯ ಮೂಲಕ ಸಡಿಲವಾಗಿ ತುಂಬಿ, ಮೇಲ್ಭಾಗ ಸವರಿ, ರ‍್ಯಾಮರ್‌ನಿಂದ ಮೂರು ಪೆಟ್ಟು ಹಾಕಿದಾಗ ಎತ್ತರ ಎಷ್ಟು ಪರ್ಸೆಂಟ್ ಕುಗ್ಗಿತು ಎಂಬುದೇ ಅದು. ಮಷಿನ್ ಮೋಲ್ಡಿಂಗ್‌ಗೆ 38ರಿಂದ 42ರ ನಡುವೆ ಹಿಡಿಯಿರಿ. ಅರ್ಧ ಗಂಟೆಗೊಮ್ಮೆ ಮಲ್ಲರ್ ನಡೆಸುವವರೇ ಅಳೆದು ಅಲ್ಲೇ ಬೋರ್ಡಿನ ಮೇಲೆ ಚುಕ್ಕಿ ಇಡಲಿ. ಲ್ಯಾಬಿನವರು ಅಳೆದು ಮರುದಿನ ವರದಿ ಕೊಟ್ಟರೆ, ಅಷ್ಟರಲ್ಲಿ ಆ ಮರಳಿನಲ್ಲಿ ಲೋಹ ಸುರಿದಾಗಿರುತ್ತದೆ.

ಕಾರಣ ಸಿಕ್ಕಿತೆಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಮೂರು ದಿನ ಮರಳನ್ನು ತಣಿಸಿ ನೋಡಿ, ಮಧ್ಯಾಹ್ನದ ಬ್ಲೋ ಹೋಲ್ ಇಳಿಯಬೇಕು. ಇಳಿಯದಿದ್ದರೆ ಸರಪಳಿಯ ಯಾವುದೋ ಕೊಂಡಿ ಊಹೆಯದು. ಹಿಂದಕ್ಕೆ ಹೋಗಿ ಕೋರ್ ಸರಿಯಾಗಿ ಬೆಂದಿದೆಯೇ, ಆವಿ ಹೊರಹೋಗುವ ವೆಂಟ್ ತೆರೆದಿದೆಯೇ ನೋಡಿ. ಹಾಗೆಯೇ ಪ್ರತಿ ಎರಕದ ಮೇಲೂ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಎಂಬ ಗುರುತು) ಇರಲಿ. ಬ್ಲೋ ಹೋಲ್ ಎಷ್ಟೋ ಸಲ ಗ್ರಾಹಕರ ಮೆಷಿನಿಂಗ್‌ನಲ್ಲಿ, ತಿಂಗಳ ನಂತರ ಬಯಲಾಗುತ್ತದೆ. ನಂಬರಿಲ್ಲದ ಪೀಸಿಗೆ ‘ಏಕೆ’ ಕೇಳಲು ದಾರಿಯೇ ಇಲ್ಲ.

ಪ್ರಶ್ನೆ: 5ಎಸ್ (ಕೆಲಸದ ಜಾಗವನ್ನು ಒಪ್ಪವಾಗಿಡುವ ಐದು ಹೆಜ್ಜೆಯ ಪದ್ಧತಿ) ಮಾಡಿದೆವು. ಗೆರೆ ಎಳೆದೆವು, ಬೋರ್ಡ್ ಹಾಕಿದೆವು, ಆಡಿಟ್‌ನಲ್ಲಿ ಒಳ್ಳೆ ಅಂಕ ಬಂತು. ಎರಡು ತಿಂಗಳಲ್ಲಿ ಎಲ್ಲ ಮೊದಲಿನಂತೆ. ಜನಕ್ಕೆ ಶಿಸ್ತು ಇಲ್ಲವೇ?
– ಫ್ಯಾಬ್ರಿಕೇಷನ್ ಘಟಕದ ಮ್ಯಾನೇಜರ್, ತುಮಕೂರು

ಉತ್ತರ: ಗೆರೆ ಎಳೆಯುವುದು ಕೊನೆಯ ಕೆಲಸ. ಅದನ್ನು ಮೊದಲು ಮಾಡಿದ್ದೀರಿ. ಮೊದಲು ಬೇಡದ್ದು ಹೊರಗೆ ಹೋಗಬೇಕು, ಅದಕ್ಕೆ ಯಾರ ಅಪ್ಪಣೆ ಬೇಕೆಂಬುದು ತೀರ್ಮಾನವಾಗಬೇಕು. ಕೆಂಪು ಚೀಟಿ ಅಂಟಿಸಿ, ದಿನಾಂಕ ಬರೆದು, 30 ದಿನ ಯಾರೂ ಮುಟ್ಟದಿದ್ದರೆ ವಿಲೇವಾರಿ. ಸಹಿ ಒಬ್ಬರದೇ ಇರಲಿ. ‘ಮುಂದೆ ಬೇಕಾಗಬಹುದು’ ಎಂಬ ಹಳೆ ಫಿಕ್ಸ್‌ಚರ್‌ಗಳೇ ನಿಮ್ಮ ಜಾಗವನ್ನು ಮತ್ತೆ ತುಂಬಿರುವುದು.

ಜೋಡಿಸುವಾಗ ಮೊದಲು ಟೇಪ್ ಅಂಟಿಸಿ ಎರಡು ವಾರ ನೋಡಿ. ಗ್ರೈಂಡರ್ ದಿನವೂ ಗೆರೆಯ ಹೊರಗೇ ಇದ್ದರೆ ಜನ ತಪ್ಪಿಲ್ಲ, ಗೆರೆ ತಪ್ಪು ಜಾಗದಲ್ಲಿದೆ. ಕೆಲಸದವರ ಕೈ ಎಲ್ಲಿಗೆ ಚಾಚುತ್ತದೆಯೋ ಅಲ್ಲಿಗೆ ಗೆರೆಯನ್ನು ತನ್ನಿ. ಬಣ್ಣ ಆಮೇಲೆ. ಪರೀಕ್ಷೆಗೆ ಫೋಟೊ ಬೇಡ: ಹೊಸಬರೊಬ್ಬರನ್ನು ಕರೆದು ‘22ರ ಸ್ಪ್ಯಾನರ್ ಕೊಡಿ’ ಎನ್ನಿ. ಅರ್ಧ ನಿಮಿಷದಲ್ಲಿ ಕೊಟ್ಟರೆ ಜೋಡಣೆ ಸರಿಯಿದೆ.

ಶುಚಿ ಎಂಬುದನ್ನು ಕಸ ಗುಡಿಸುವುದಕ್ಕೆ ಇಳಿಸಬೇಡಿ. ನಮ್ಮ ಶಾಪುಗಳಲ್ಲಿ ಆಯುಧ ಪೂಜೆಯ ಹಿಂದಿನ ದಿನ ಮೆಷಿನುಗಳನ್ನು ಎಷ್ಟು ಅಕ್ಕರೆಯಿಂದ ಉಜ್ಜುತ್ತೇವೆ! ಆ ದಿನ ಎಣ್ಣೆ ಸೋರುವ ಸೀಲ್, ಸಡಿಲವಾದ ಬೋಲ್ಟ್, ಸವೆದ ಕೇಬಲ್ ಎಲ್ಲವೂ ಕೈಗೆ ಹತ್ತುತ್ತವೆ. ಬರೆದಿಡುವವರು ಇಲ್ಲದೆ ಅವು ಮುಂದಿನ ದಸರಾವರೆಗೂ ಹಾಗೇ ಉಳಿಯುತ್ತವೆ. ಮೆಷಿನಿಗೊಂದು ಪುಸ್ತಕ ತೂಗುಹಾಕಿ, ಉಜ್ಜುವಾಗ ಕಂಡದ್ದನ್ನು ಬರೆಸಿ, ಮೇಂಟೆನೆನ್ಸ್‌ನವರು ವಾರದೊಳಗೆ ಮುಂದೆ ಸಹಿ ಹಾಕಲಿ. ಶಿಫ್ಟಿನ ಕೊನೆಯ ಐದು ನಿಮಿಷವನ್ನು ಇದಕ್ಕೆ ಮೀಸಲಿಡಿ. ಆ ಐದು ನಿಮಿಷದ ಉತ್ಪಾದನೆಯನ್ನು ಟಾರ್ಗೆಟ್‌ನಿಂದ ಕಳೆಯಿರಿ. ಕಳೆಯದಿದ್ದರೆ ಎರಡು ತಿಂಗಳಲ್ಲಿ ಮತ್ತೆ ಮೊದಲಿನಂತಾಗುವುದು ಸಹಜ. ಶಿಸ್ತಿನ ಪ್ರಶ್ನೆ ಬರುವುದು ಇಷ್ಟೆಲ್ಲ ಆದ ಮೇಲೆ, ಅದೂ ದಿನಾ ಒಂದೇ ಹೊತ್ತಿಗೆ ಶಾಪ್ ಸುತ್ತುವ ಮ್ಯಾನೇಜರಿಂದ ಶುರುವಾಗುತ್ತದೆ.

ಪ್ರಶ್ನೆ: ಪಂಪ್ ಅಸೆಂಬ್ಲಿಯಲ್ಲಿ ಮೋಟಾರು, ಕೇಸಿಂಗ್ ಎಲ್ಲ ಇರುತ್ತದೆ, ಎರಡು ರೂಪಾಯಿಯ ಬೋಲ್ಟ್ ಇಲ್ಲದೆ ಲೈನ್ ನಿಲ್ಲುತ್ತದೆ. ಎಷ್ಟು ಸ್ಟಾಕ್ ಇಡಬೇಕು?
– ಸ್ಟೋರ್ಸ್ ಇನ್‌ಚಾರ್ಜ್, ಹುಬ್ಬಳ್ಳಿ

ಉತ್ತರ: ಒಂದರ ಹಿಂದೊಂದು ಇಡುವ ಎರಡು ಡಬ್ಬಿಯ ಪದ್ಧತಿ ಹಾಕಿ. ಮುಂದಿನ ಡಬ್ಬಿ ಖಾಲಿಯಾದ ಕೂಡಲೇ ಅದೇ ಆರ್ಡರ್. ಅದು ತುಂಬಿ ಬರುವವರೆಗೆ ಹಿಂದಿನ ಡಬ್ಬಿ ನಡೆಸುತ್ತದೆ. ಒಂದು ಡಬ್ಬಿಯಲ್ಲಿ ಇರಬೇಕಾದದ್ದು: ದಿನದ ಬಳಕೆಯನ್ನು ತರಿಸಲು ಬೇಕಾದ ದಿನಗಳಿಂದ ಗುಣಿಸಿದಷ್ಟು, ಜೊತೆಗೆ ಭದ್ರತೆಗೆ ಒಂದಿಷ್ಟು. ದಿನಕ್ಕೆ 120, ಆರು ದಿನ, ಭದ್ರತೆಗೆ ಅರ್ಧ ಪಾಲು ಹೆಚ್ಚು ಎಂದರೆ 1,080. ಬೋಲ್ಟ್ ನೂರರ ಪ್ಯಾಕಿನಲ್ಲಿ ಬರುವುದಾದರೆ 1,100.

ಲೆಕ್ಕ ತಪ್ಪುವುದು ‘ಆರು ದಿನ’ದಲ್ಲಿ. ಅಂಗಡಿಯವರು ಎರಡು ದಿನದಲ್ಲಿ ಕೊಡುತ್ತಾರೆ ನಿಜ. ಇಂಡೆಂಟ್‌ಗೆ ಸಹಿ, ಪರ್ಚೇಸ್ ಆರ್ಡರ್, ಬಂದ ಮೇಲೆ ತಪಾಸಣೆ ಎಲ್ಲ ಸೇರಿ ಎಷ್ಟು ದಿನ ಎಂಬುದನ್ನು ಎಣಿಸಿ. ಡಬ್ಬಿ ಖಾಲಿಯಾದ ಗಳಿಗೆಯಿಂದ ತುಂಬಿ ರ‍್ಯಾಕಿಗೆ ಬರುವ ಗಳಿಗೆಯವರೆಗೆ. ಇಂಥ ಸಣ್ಣ ಸಾಮಾನಿಗೆ ವರ್ಷಕ್ಕೊಂದೇ ಆರ್ಡರ್ ಬರೆದು, ಪ್ರತಿ ಸಲದ ಸಹಿಯನ್ನು ತೆಗೆಸಿದರೆ ಡಬ್ಬಿಯೇ ಚಿಕ್ಕದಾಗುತ್ತದೆ. ಇನ್ನೊಂದು ತೊಂದರೆ, ಅವಸರದಲ್ಲಿ ಎರಡೂ ಡಬ್ಬಿ ಒಟ್ಟಿಗೆ ತೆರೆಯುವುದು. ಹಿಂದಿನದರ ಮುಚ್ಚಳಕ್ಕೆ ಆರ್ಡರ್ ಚೀಟಿಯನ್ನೇ ಕಟ್ಟಿ. ಚೀಟಿ ಕಳಚದೆ ತೆರೆಯಲಾಗದಂತಿರಲಿ, ಕಳಚಿದ ಚೀಟಿ ಪೆಟ್ಟಿಗೆಗೆ ಬೀಳಲಿ.

ಪ್ರಶ್ನೆ: ಡಾಕ್ಟರು ಬೆಳಿಗ್ಗೆ 10ಕ್ಕೆ ಡಿಸ್ಚಾರ್ಜ್ ಎನ್ನುತ್ತಾರೆ, ರೋಗಿ ಮನೆಗೆ ಹೊರಡುವಾಗ ಸಂಜೆ 4. ಲೀನ್ ಆಸ್ಪತ್ರೆಗೂ ಬರುತ್ತದೆಯೇ?
– ನರ್ಸಿಂಗ್ ಸೂಪರಿಂಟೆಂಡೆಂಟ್, ಶಿವಮೊಗ್ಗ

ಉತ್ತರ: ಬರುತ್ತದೆ. 20 ರೋಗಿಗಳ ಫೈಲಿಗೆ ಒಂದೊಂದು ಚೀಟಿ ಅಂಟಿಸಿ. ಪ್ರತಿ ಟೇಬಲಿನಲ್ಲೂ ಫೈಲ್ ಬಂದ ಸಮಯ, ಕೈಗೆತ್ತಿಕೊಂಡ ಸಮಯ, ಕಳಿಸಿದ ಸಮಯ ಬರೆಸಿ. ಆರು ಗಂಟೆಯಲ್ಲಿ ಕೆಲಸ ಎಷ್ಟು, ಕಾಯುವಿಕೆ ಎಷ್ಟು ಎಂದು ಆ ಚೀಟಿಯೇ ಹೇಳುತ್ತದೆ. ಕಾಯುವಿಕೆಯ ಜಾಗ ಸಾಮಾನ್ಯವಾಗಿ ಮೂರು. ಡ್ಯೂಟಿ ಡಾಕ್ಟರು ರೌಂಡ್ಸ್ ಪೂರ್ತಿ ಮುಗಿಸಿ ಎಲ್ಲ ಸಮ್ಮರಿಗಳನ್ನೂ ಒಟ್ಟಿಗೆ ಬರೆಯುತ್ತಾರೆ. ವಾರ್ಡ್ ಕ್ಲರ್ಕ್ ಫೈಲುಗಳನ್ನು ಒಟ್ಟುಮಾಡಿ 12ಕ್ಕೆ ಒಮ್ಮೆಲೇ ಕಳಿಸುತ್ತಾರೆ. ಬಳಸದ ಔಷಧಿ ಫಾರ್ಮಸಿಗೆ ವಾಪಸಾಗದೆ ಬಿಲ್ ಮುಚ್ಚುವುದಿಲ್ಲ.

ನಾಳೆ ಹೋಗಬಹುದಾದವರ ಪಟ್ಟಿಯನ್ನು ಹಿಂದಿನ ಸಂಜೆ 5ಕ್ಕೇ ಮಾಡಿ. ಸಮ್ಮರಿಯ ಕರಡು, ಅಂದಿನವರೆಗಿನ ಬಿಲ್ ರಾತ್ರಿಯೇ ಸಿದ್ಧವಾಗಲಿ. ಬೆಳಿಗ್ಗೆ 8ಕ್ಕೆ ಔಷಧಿ ವಾಪಸ್. ರೌಂಡ್ಸ್‌ನಲ್ಲಿ ಡಾಕ್ಟರು ಹೂಂ ಎಂದ ಫೈಲ್ ಆ ಕ್ಷಣವೇ ಒಂಟಿಯಾಗಿ ಹೊರಡಲಿ. ವಿಮೆಯ ರೋಗಿಗಳ ಕಾಗದ ಮೊದಲು ಹೋಗಬೇಕು: 2024ರ ಮೇ ತಿಂಗಳ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಸುತ್ತೋಲೆಯ ಪ್ರಕಾರ ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ನೀವು 1 ಗಂಟೆಗೆ ಕಳಿಸಿದರೆ ಆ ಗಡಿಯಾರ 4ಕ್ಕೆ ನಿಲ್ಲುತ್ತದೆ, ಅರೆಬರೆ ಕಳಿಸಿದರೆ ಕೊರತೆ ಕೇಳಿ ವಾಪಸ್ ಬರುತ್ತದೆ. ಒಂದು ಎಚ್ಚರಿಕೆ: ಮನೆಯಲ್ಲಿ ಯಾವ ಮಾತ್ರೆ ಯಾವಾಗ ಎಂದು ನರ್ಸ್ ವಿವರಿಸುವ ಹತ್ತು ನಿಮಿಷವನ್ನು ಮೊಟಕು ಮಾಡಬೇಡಿ. ರೋಗಿಗೆ ಬೆಲೆಯುಳ್ಳ ಕೆಲಸ ಅದು.

ಪ್ರಶ್ನೆ: ಲೀನ್‌ಗೆ ಸರ್ಕಾರದ ನೆರವು ಇದೆಯಂತೆ?
– ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ, ಮೈಸೂರು

ಉತ್ತರ: ಇದೆ. ಕೇಂದ್ರದ ‘ಎಂಎಸ್‌ಎಂಇ ಕಾಂಪಿಟಿಟಿವ್ (ಲೀನ್)’ ಯೋಜನೆ 2023ರ ಮಾರ್ಚ್ 10ರಂದು ಹೊಸ ರೂಪದಲ್ಲಿ ಆರಂಭವಾಯಿತು. ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಕೊಡುವ) ನೋಂದಣಿ ಬೇಕು. ಬೇಸಿಕ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್ಡ್ ಎಂದು ಮೂರು ಮಟ್ಟ. ಬೇಸಿಕ್ ಆನ್‌ಲೈನಿನಲ್ಲಿ ನೀವೇ ಮಾಡಿಕೊಳ್ಳಬಹುದು. ಮುಂದಿನ ಮಟ್ಟಗಳಲ್ಲಿ ಸಲಹೆಗಾರರು ಘಟಕಕ್ಕೆ ಬಂದು ಜೊತೆಗಿದ್ದು ಮಾಡಿಸುತ್ತಾರೆ. ಆ ವೆಚ್ಚದ 90 ಪರ್ಸೆಂಟ್ ಸರ್ಕಾರದ್ದು. ಸಲಹೆಗಾರರ ಪಕ್ಕದಲ್ಲಿ ನಿಮ್ಮದೇ ಒಬ್ಬ ಸೂಪರ್‌ವೈಸರನ್ನು ಮೊದಲ ದಿನದಿಂದ ನಿಲ್ಲಿಸಿ. ಇಲ್ಲವಾದರೆ ಅವರು ಹೋದ ಮೇಲೆ ನಿಮ್ಮಲ್ಲಿ ಉಳಿಯುವುದು ಗೋಡೆಯ ಮೇಲಿನ ಚಾರ್ಟ್ ಮಾತ್ರ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಲೈನಿಗೆ ಗಂಟೆಗೆ 60 ಶರ್ಟ್ ಟಾರ್ಗೆಟ್. 38 ದಾಟುವುದಿಲ್ಲ. ದಿನಾ ಬೈಸಿಕೊಳ್ಳುತ್ತೇವೆ. ಈಗ ಲೀನ್ ಎಂದು ಸ್ಟಾಪ್‌ವಾಚ್ ಹಿಡಿದು ಹಿಂದೆ ನಿಲ್ಲುತ್ತಾರೆ. ನೀರು ಕುಡಿಯಲು ಎದ್ದರೂ ಬರೆದುಕೊಳ್ಳುತ್ತಾರೆ. ಲೀನ್ ಎಂದರೆ ನಮ್ಮಿಂದ ಜಾಸ್ತಿ ಕೆಲಸ ತೆಗೆದು ಜನ ಕಡಿಮೆ ಮಾಡುವುದೇ?
– ಓದುಗರು, ರಾಮನಗರ

ಉತ್ತರ: ಅಲ್ಲ, ಅಕ್ಕಾ. ನಿಮ್ಮಲ್ಲಿ ನಡೆಯುತ್ತಿರುವುದಕ್ಕೆ ಆ ಹೆಸರು ಸಲ್ಲುವುದಿಲ್ಲ. ಟೊಯೋಟಾ ಪದ್ಧತಿಯಲ್ಲಿ ದೂರ ಮಾಡಬೇಕಾದ್ದು ಮೂರು: ಮುದ ಎಂದರೆ ವ್ಯರ್ಥ, ಮುರ ಎಂದರೆ ಏರುಪೇರು, ಮುರಿ ಎಂದರೆ ಶಕ್ತಿ ಮೀರಿದ ಹೊರೆ. ಕೊನೆಯ ಜಪಾನಿ ಪದವನ್ನು ಕನ್ನಡದಲ್ಲಿ ಓದಿದರೂ ಅರ್ಥ ದೂರವಿಲ್ಲ, ಮೈ ಮುರಿಯುವ ಕೆಲಸ. ನೀರು, ಶೌಚ, ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಎರಡು ನಿಮಿಷ ವ್ಯರ್ಥದ ಪಟ್ಟಿಗೆ ಸೇರುವುದಿಲ್ಲ. ಅವನ್ನು ಕಿತ್ತುಕೊಂಡರೆ ಅದೇ ಮುರಿ.

ನಿಮ್ಮ 38ಕ್ಕೆ ಕಾರಣವನ್ನು ಲೆಕ್ಕವೇ ಹೇಳುತ್ತದೆ. ಈ ಭಾಗವನ್ನು ನಿಮ್ಮ ಸೂಪರ್‌ವೈಸರಿಗೂ ತೋರಿಸಿ. ಗಂಟೆಗೆ 60 ಬೇಕೆಂದರೆ ಪ್ರತಿ ಮಿಷಿನ್ನೂ 60 ಸೆಕೆಂಡಿಗೆ ಒಂದು ಪೀಸ್ ಬಿಡಬೇಕು. ಕಾಲರ್ ಅಟ್ಯಾಚ್‌ಗೆ 95 ಸೆಕೆಂಡ್ ಹಿಡಿಯುತ್ತದೆ, ಆ ಕೆಲಸಕ್ಕೆ ಒಂದೇ ಮಿಷಿನ್ ಇದೆ ಎಂದುಕೊಳ್ಳಿ. 3,600 ಸೆಕೆಂಡನ್ನು 95ರಿಂದ ಭಾಗಿಸಿದರೆ 38 ಕೂಡ ಪೂರ್ತಿ ಬರುವುದಿಲ್ಲ. ಲೈನಿನ ಉಳಿದವರೆಲ್ಲ ಎಷ್ಟೇ ಓಡಿಸಿದರೂ ಶರ್ಟ್ ಹೊರಬರುವುದು ಅಷ್ಟೇ. ಹೆಚ್ಚಿಗೆ ಹೊಲಿದದ್ದು ಕಾಲರಿನ ಮುಂದೆ ಗುಡ್ಡೆಯಾಗುತ್ತದೆ. ಎಲ್ಲಿ ಬಂಡಲ್ ಗುಡ್ಡೆ ಬಿದ್ದಿದೆಯೋ ಅದರ ಮುಂದಿನ ಮಿಷಿನ್ನೇ ಅಡಚಣೆ, ಸ್ಟಾಪ್‌ವಾಚ್ ಇಲ್ಲದೆಯೂ ಕಾಣುತ್ತದೆ. ಅಲ್ಲಿಗೆ ಎರಡನೇ ಮಿಷಿನ್ ಕೊಟ್ಟರೆ ಕಾಲರ್ 75ಕ್ಕೆ ಏರುತ್ತದೆ. ಆಗ 70 ಸೆಕೆಂಡಿನ ಕಫ್ ಅಡಚಣೆಯಾಗಿ ಲೈನ್ 51ಕ್ಕೆ ನಿಲ್ಲುತ್ತದೆ. ಆಮೇಲೆ ಕಫ್ ಕೆಲಸದ ಒಂದು ಭಾಗವನ್ನು ಬಿಡುವಿರುವ ಮಿಷಿನಿಗೆ ಕೊಡಬೇಕು. ದಾರ ಮುಗಿಯುವುದು, ಸೂಜಿ ಮುರಿಯುವುದು ಇದ್ದೇ ಇರುತ್ತದೆ, ಆದ್ದರಿಂದ ಪ್ರತಿ ಕೆಲಸವೂ 54 ಸೆಕೆಂಡಿನೊಳಗೆ ಬಂದರೆ ಮಾತ್ರ 60 ನಿಜವಾದ ಟಾರ್ಗೆಟ್.

ಬಂಡಲ್ ಗಾತ್ರವೂ ನೋಡಬೇಕಾದ್ದೇ. ಲೈನಿನಲ್ಲಿ 600 ಪೀಸ್ ಹರಡಿದ್ದು ಗಂಟೆಗೆ 38 ಹೊರಬಂದರೆ, ಒಳಗೆ ಹೋದ ಪೀಸ್ ಚೆಕರ್ ಕೈಗೆ ಸಿಗಲು ಸುಮಾರು 16 ಗಂಟೆ, ಎರಡು ದಿನದ ಕೆಲಸ. ಮೊದಲ ಮಿಷಿನಿನಲ್ಲಿ ದಾರದ ಟೆನ್ಷನ್ ಕೆಟ್ಟಿದ್ದರೆ 600 ಪೀಸೂ ಆಲ್ಟರ್‌ಗೆ, ಅಂದರೆ ಬಿಚ್ಚಿ ಸರಿಪಡಿಸಲು. ಬಂಡಲ್ಲನ್ನು 30ರಿಂದ 5ಕ್ಕೆ ಇಳಿಸಿ, ಮುಂದಿನವರ ಬಳಿ ಎರಡು ಬಂಡಲ್ ಇದ್ದರೆ ಹಿಂದಿನವರು ನಿಲ್ಲಿಸಬೇಕು ಎಂಬ ನಿಯಮ ಮಾಡಿ 120 ಪೀಸಿಗೆ ತಂದರೆ ಅದೇ ತಪ್ಪು ಸುಮಾರು ಮೂರು ಗಂಟೆಯಲ್ಲಿ ಸಿಗುತ್ತದೆ. ನಿಂತವರು ಸುಮ್ಮನೆ ಕೂರದೆ ಅಡಚಣೆಯ ಮಿಷಿನಿಗೆ ನೆರವಾಗಬೇಕಾದರೆ ಒಬ್ಬೊಬ್ಬರಿಗೆ ಎರಡು ಮೂರು ಕೆಲಸ ಗೊತ್ತಿರಬೇಕು. ಕಲಿಯಲು ಹೊತ್ತು, ಕಲಿತದ್ದಕ್ಕೆ ಗ್ರೇಡ್ ಕೊಡಬೇಕು.

ಸಮಯ ಅಳೆಯುವುದು ತಪ್ಪಲ್ಲ. ಮೊದಲೇ ಹೇಳಿ, ಎದುರಿಗೆ ನಿಂತು, ಹತ್ತು ಪೀಸ್ ನೋಡಿ, ಬಂದ ಅಂಕಿಯನ್ನು ಹೊಲಿಯುವವರಿಗೆ ತೋರಿಸಿ ಅವರ ಮಾತು ಕೇಳಬೇಕು. ಸ್ಟೂಲಿನ ಎತ್ತರ, ಬೆಳಕು, ಬಂಡಲ್ ಎತ್ತಲು ಎಷ್ಟು ಬಗ್ಗಬೇಕು ಎಂಬುದನ್ನೂ ಆಗಲೇ ಬರೆಯಬೇಕು. ಎಷ್ಟೋ ಸಲ ಸೆಕೆಂಡುಗಳು ಉಳಿಯುವುದು ಅಲ್ಲಿಂದಲೇ.

ಜನ ಕಡಿಮೆ ಮಾಡುವ ವಿಷಯವನ್ನು ಮಾಲೀಕರಿಗೇ ಹೇಳಬೇಕು. ಒಂದು ಸುಧಾರಣೆಯಿಂದ ಉಳಿದ ಕೈಗಳನ್ನು ಮನೆಗೆ ಕಳಿಸಿದರೆ ಎರಡನೇ ಸುಧಾರಣೆಗೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಲೂಬಾರದು. ‘ಸುಧಾರಣೆಯ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ’ ಎಂದು ಬರೆದು ಸಹಿ ಹಾಕಿ ಗೇಟಿನಲ್ಲಿ ಅಂಟಿಸಿದ ಮೇಲೆ ಸ್ಟಾಪ್‌ವಾಚ್ ತೆಗೆಯಲಿ.

ನಿಮ್ಮ ಲೈನಿನ ತಲೆಯಲ್ಲಿ ಗಂಟೆಯ ಬೋರ್ಡ್ ಇರುತ್ತದಲ್ಲ, ಟಾರ್ಗೆಟ್ ಒಂದು ಕಾಲಮ್, ಬಂದದ್ದು ಒಂದು ಕಾಲಮ್. ಮೂರನೆಯದೊಂದನ್ನು ಕೇಳಿ ಹಾಕಿಸಿ: ‘ಏನು ತಡೆಯಿತು’. ಅದನ್ನು ಸೂಪರ್‌ವೈಸರ್ ಬರೆಯದೆ ಹೊಲಿಯುವವರೇ ಬರೆಯಲಿ. ಕಟಿಂಗ್ ಬರಲು 20 ನಿಮಿಷ ತಡ, ಬಟನ್ ಮಿಷಿನ್ ಕೆಟ್ಟಿತ್ತು, ಕಾಲರ್ ಮುಂದೆ ನಾಲ್ಕು ಬಂಡಲ್ ಎಂದು ಒಂದು ವಾರ ಗಂಟೆ ಗಂಟೆಗೂ ಬರೆದರೆ 22 ಶರ್ಟ್ ಎಲ್ಲಿ ಹೋಗುತ್ತಿವೆ ಎಂದು ಪ್ರೊಡಕ್ಷನ್ ಮ್ಯಾನೇಜರ್ ಅಲ್ಲೇ ನಿಂತು ಓದಬಹುದು.